ಹಂದಿ ಮಾಂಸಕ್ಕೆ ಕಾಫಿ ಪುಡಿ: ಮೂರು ವರ್ಷ ಸುಟ್ಟು ಕಲಿತದ್ದು

ಕಳೆದ ಡಿಸೆಂಬರಿನಲ್ಲಿ ನಮ್ಮ ಭಾವ ಊಟಕ್ಕೆ ಕುಳಿತವರು, ನಾನು ಕಾಫಿ ಪುಡಿ ಹಚ್ಚಿ ಸುಟ್ಟ ಹಂದಿಯ ಎರಡನೆಯ ಹೋಳನ್ನು ತಾವಾಗಿಯೇ ಕೇಳಿ ಹಾಕಿಸಿಕೊಂಡರು. ಬೇರೆಯವರಿಗೆ ಇದು ಏನೂ ಅಲ್ಲದಿರಬಹುದು, ನನಗೆ ದೊಡ್ಡದು. 2020ರಿಂದಲೂ ಇದೇ ಭಾವ ಮನೆಗೆ ಬಂದಾಗಲೆಲ್ಲ, "ಹಂದಿ ಎಂದರೆ ಕರಿಮೆಣಸು, ಹುಳಿ, ಖಾರ. ಕಾಫಿ ಲೋಟದಲ್ಲಿರಬೇಕು ಕಣಯ್ಯ, ಕಾವಲಿಯ ಮೇಲಲ್ಲ" ಎನ್ನುತ್ತಲೇ ಬಂದಿದ್ದರು. ಅವ್ವನದು ಇನ್ನೂ ಖಾರ. ನಾನು ಮಾಡಿದ್ದಕ್ಕೆ "ಸೀದ ಮಾಂಸ" ಎಂದೇ ಹೆಸರಿಟ್ಟಿದ್ದಳು. ಬೆಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಹದಿನೈದು ವರ್ಷ ದುಡಿದ ಚಿಕ್ಕಪ್ಪನ ಮಗ, ಕಾಫಿ ದನದ ಮಾಂಸಕ್ಕೆ ಮಾತ್ರ ಒಗ್ಗುತ್ತದೆ, ಹಂದಿಯ ಸಿಹಿಗೆ ಎಂದೂ ಒಗ್ಗುವುದಿಲ್ಲ ಎಂದು ಫೋನಿನಲ್ಲೇ ತೀರ್ಪು ಕೊಟ್ಟಿದ್ದ. ಮೂವರ ಮಾತೂ ಸುಳ್ಳಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಹಿಂದಿನ ರಾತ್ರಿ ಉಪ್ಪು ಹಚ್ಚಿ ಫ್ರಿಜ್ಜಿನಲ್ಲಿ ಮುಚ್ಚದೆ ಇಡುವುದು, ಬೆಳಿಗ್ಗೆ ಬಟ್ಟೆಯಿಂದ ಒರೆಸುವುದು, ಬೆಂದ ಮೇಲೆ ಐದಾರು ನಿಮಿಷ ಮುಟ್ಟದೆ ಬಿಡುವುದು, ಇವೆಲ್ಲ ಸ್ಟೇಕ್, ಅಂದರೆ ಮಾಂಸದ ದಪ್ಪ ಹೋಳನ್ನು ಇಡಿಯಾಗಿ ಸುಟ್ಟು ಮಾಡುವವರಿಗೆ ಗೊತ್ತಿರುವ ಸಂಗತಿಗಳು. ಅವುಗಳ ಬಗ್ಗೆ ಹೇಳಲು ಹೋಗುವುದಿಲ್ಲ. ನನ್ನ ಮೂರು ವರ್ಷ ತಿಂದದ್ದು ಕಾಫಿ ಮತ್ತು ಬೆಣ್ಣೆ ಎರಡೇ.

ನಮ್ಮದು ಸಕಲೇಶಪುರ ತಾಲ್ಲೂಕಿನಲ್ಲಿ ಒಂಬತ್ತು ಎಕರೆ ಕಾಫಿ ತೋಟ. ಮುಕ್ಕಾಲು ಪಾಲು ರೋಬಸ್ಟಾ, ಮೇಲಿನ ಗುಡ್ಡದ ಕಡೆ ಅರೇಬಿಕಾ, ಮರಗಳಿಗೆಲ್ಲ ಕರಿಮೆಣಸಿನ ಬಳ್ಳಿ. ಜೊತೆಗೆ ಮೂರು ಕೋಣೆಗಳ ಹೋಂಸ್ಟೇ. 2020ರ ಲಾಕ್‌ಡೌನಿನಲ್ಲಿ ಕೋಣೆಗಳು ಖಾಲಿ ಬಿದ್ದಿದ್ದಾಗ ಹ್ಯೂಸ್ಟನ್‌ನಲ್ಲಿರುವ ಅಕ್ಕನ ಮಗ, ಅಂದರೆ ಇದೇ ಭಾವನ ಮಗ, ವಿಡಿಯೊ ಕರೆ ಮಾಡಿ ತಾನು ಹಿತ್ತಲಿನಲ್ಲಿ ಮಾಂಸ ಸುಡುವುದನ್ನು ತೋರಿಸಿದ. ಟೆಕ್ಸಾಸ್ ಕಡೆ ದಪ್ಪ ದನದ ಹೋಳಿಗೆ ಕಾಫಿ ಪುಡಿ, ಒಣಮೆಣಸಿನ ಪುಡಿ, ಕಂದು ಸಕ್ಕರೆ, ಜೀರಿಗೆ ಸೇರಿಸಿ ಉಜ್ಜಿ ಸುಡುತ್ತಾರೆ. ಮೇಲೆ ಸೊಪ್ಪು ಬೆರೆಸಿದ ಬೆಣ್ಣೆಯ ಬಿಲ್ಲೆ. "ಮಾವ, ಇವರು ಕಾಫಿಯನ್ನು ಡಬ್ಬಿಯಲ್ಲಿ ಕೊಂಡು ತರುತ್ತಾರೆ. ನಿಮ್ಮ ಕಣದಲ್ಲಿ ಮೂಟೆಗಟ್ಟಲೆ ಬಿದ್ದಿದೆಯಲ್ಲ" ಎಂದ. ಆ ಮಾತು ನನ್ನನ್ನು ಹಿಡಿದುಕೊಂಡಿತು. ನಾವು ನಾಲ್ಕು ತಲೆಮಾರಿನಿಂದ ಕಾಫಿ ಬೆಳೆದವರು. ಕಾಫಿಯನ್ನು ಕುಡಿದೆವು, ಮಾರಿದೆವು, ಗಿಡದ ಕಟ್ಟಿಗೆಯನ್ನು ಒಲೆಗೆ ಹಾಕಿದೆವು. ತಿನ್ನಲಿಲ್ಲ.

ನಮ್ಮ ಮನೆಯಲ್ಲಿ ದನದ ಮಾಂಸ ಇಲ್ಲ. ಹಂದಿ ಎಂದಿನಿಂದಲೂ ಇದೆ. ಕಡುಬಿಗೂ ಅಕ್ಕಿ ರೊಟ್ಟಿಗೂ ಅದೇ ಜೊತೆ. ಹಾಗಾಗಿ ಹಂದಿಯೇ ಎಂದು ನಿರ್ಧರಿಸಿದೆ.

ಮೊದಲ ತೊಡಕು ಮಾಂಸದಂಗಡಿಯಲ್ಲೇ ಎದುರಾಯಿತು. ನಮ್ಮ ಕಡೆ ಹಂದಿಯನ್ನು ಕೂದಲು ಸುಟ್ಟು, ಚರ್ಮ ಹೆರೆದು, ಹುಣಸೆ ಕೊರಡಿನ ಮೇಲೆ ಮಚ್ಚಿನಲ್ಲಿ ಚಿಕ್ಕ ಚಿಕ್ಕ ತುಂಡು ಮಾಡಿ ಕೊಡುತ್ತಾರೆ. ಸಾರಿಗೆ ಅದೇ ಸರಿ. ಒಂದೂವರೆ ಇಂಚು ದಪ್ಪದ ಅಡ್ಡ ಹೋಳು ಬೇಕು ಎಂದಾಗ ಅಂಗಡಿಯವನು ನನ್ನ ಮುಖ ನೋಡಿದ. "ಗೌಡರೇ, ಅಷ್ಟು ದಪ್ಪ ಬೇಯುವುದಿಲ್ಲ, ಆಮೇಲೆ ನನ್ನನ್ನು ಬೈಯಬೇಡಿ" ಎಂದ. ಮೊದಲು ಬೆನ್ನಿನ ಭಾಗ ತಂದೆ, ನೋಡಲು ಚೆಂದ ಎಂದು. ನೆಣ ಕಡಿಮೆ, ಐದು ನಿಮಿಷ ಹೆಚ್ಚು ಬೆಂದರೆ ಹಲಗೆ. ನಾಲ್ಕು ಸಲ ಹಲಗೆ ತಿಂದ ಮೇಲೆ ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಮಾಂಸಕ್ಕೆ ಬಂದೆ. ಅಲ್ಲಿ ಮಾಂಸದ ನಡುನಡುವೆ ನೆಣದ ಗೆರೆ ಇರುತ್ತದೆ. ಒಂದಿಷ್ಟು ಹೆಚ್ಚು ಬೆಂದರೂ ಕ್ಷಮಿಸುತ್ತದೆ. ಚರ್ಮ ಬೇಡ, ಅದು ಕಾವಲಿಯ ಮೇಲೆ ಸುರುಟಿಕೊಂಡು ಹೋಳನ್ನೇ ದೋಣಿ ಮಾಡಿಬಿಡುತ್ತದೆ. ಅಂಗಡಿಯವನ ಮಚ್ಚಿನಲ್ಲಿ ಸಮನಾದ ಹೋಳು ಬರುವುದಿಲ್ಲ ಎಂದು ಖಚಿತವಾದ ಮೇಲೆ ಇಡೀ ತುಂಡು ತಂದು, ಎರಡು ಗಂಟೆ ಫ್ರೀಜರಿನಲ್ಲಿಟ್ಟು ಅರೆಗಟ್ಟಿ ಮಾಡಿ ಮನೆಯಲ್ಲೇ ಕೊಯ್ಯುತ್ತಿದ್ದೇನೆ. ಒಂದು ಹೋಳು 400 ಗ್ರಾಮಿನ ಆಸುಪಾಸು ಬರುತ್ತದೆ.

ಇನ್ನು ಕಾಫಿ. ಮೊದಲನೆಯ ಪ್ರಯೋಗಕ್ಕೆ ಮನೆಯಲ್ಲಿ ಕುಡಿಯಲು ತಂದಿದ್ದ ಪುಡಿಯನ್ನೇ ಬಳಸಿದೆ. ಅದರಲ್ಲಿ ನೂರಕ್ಕೆ ಮೂವತ್ತು ಭಾಗ ಚಿಕೋರಿ. ಚಿಕೋರಿಯಲ್ಲಿ ಸಿಹಿ ಇದೆ, ನೀರು ತಗುಲಿದರೆ ಅಂಟು. ಕಾದ ಕಾವಲಿಯ ಮೇಲೆ ಮಾಂಸ ಇಟ್ಟ ಒಂದು ನಿಮಿಷದೊಳಗೆ ಬೆಲ್ಲ ಸೀದ ವಾಸನೆ ಬಂತು. ತಿರುವಲು ಹೋದರೆ ಹೊರಪದರ ಪೂರ್ತಿ ಕಾವಲಿಗೆ ಹತ್ತಿ, ಕೆಳಗಿನ ಬಿಳಿ ಮಾಂಸ ಬೆತ್ತಲಾಗಿ ಕೈಗೆ ಬಂತು. "ಸೀದ ಮಾಂಸ" ಎಂಬ ಹೆಸರು ಹುಟ್ಟಿದ್ದು ಆವತ್ತು.

ಎರಡನೆಯದಕ್ಕೆ ಚಿಕೋರಿ ಇಲ್ಲದ ನಮ್ಮದೇ ರೋಬಸ್ಟಾ, ಕಪ್ಪಗೆ ಹುರಿದದ್ದು. ಅರೇಬಿಕಾಗಿಂತ ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟಿದೆ ಎಂದು ನಮಗೆಲ್ಲ ಗೊತ್ತು, ಕಹಿ ಅಷ್ಟೇ ಜೋರು. ಹಾಲು ಸಕ್ಕರೆ ಹಾಕಿದಾಗ ಹಿತ ಕೊಡುವ ಆ ಕಹಿ, ಉಪ್ಪು ಮತ್ತು ನೆಣದ ಜೊತೆ ಬೇವಿನ ಕಡ್ಡಿ ಕಡಿದ ಹಾಗಿತ್ತು. ಅರೇಬಿಕಾಗೆ ಬದಲಿಸಿದೆ. ನಮ್ಮ ತೋಟದ ಹಳೆಯ 795 ತಳಿಯದನ್ನೇ ತೆಗೆದುಕೊಂಡೆ. ಕಹಿ ತಗ್ಗಿತು, ಹೋಗಲಿಲ್ಲ. ಪುಡಿ ಒರಟಾಗಿದ್ದಾಗ ಹಲ್ಲಿಗೆ ಮರಳು ಸಿಕ್ಕಂತೆ ಆಯಿತು. ನುಣ್ಣಗೆ ಮಾಡಿದರೆ ಇನ್ನೂ ಬೇಗ ಸೀಯಿತು. ಇನ್‌ಸ್ಟಂಟ್ ಪುಡಿಯನ್ನೂ ಬಿಡಲಿಲ್ಲ. ಮಾಂಸದ ತೇವಕ್ಕೆ ಕರಗಿ ಟಾರಿನಂತಾಯಿತು, ಕಾವಲಿ ತಿಕ್ಕಲು ಅರ್ಧ ದಿನ ಬೇಕಾಯಿತು. ಅಲ್ಲಿಯ ಕಂದು ಸಕ್ಕರೆಗೆ ಬದಲು ನಮ್ಮ ಜೋನಿ ಬೆಲ್ಲ ಸವರಿದ್ದು ಅದಕ್ಕಿಂತ ದೊಡ್ಡ ತಪ್ಪು. ಹೊಗೆಗೆ ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ. ಅಂದಿನಿಂದ ಸಿಹಿಯನ್ನು ಪೂರ್ತಿ ಬಿಟ್ಟಿದ್ದೇನೆ. ಹಂದಿಯ ನೆಣಕ್ಕೆ ಅದರದೇ ಸಿಹಿ ಇದೆ, ಮೇಲೆ ಸುರಿಯಬೇಕಾಗಿಲ್ಲ.

ಒಂದು ರಾತ್ರಿಯನ್ನಂತೂ ಮರೆಯಲಾರೆ. 2021ರ ಕ್ರಿಸ್‌ಮಸ್ ಸಮಯ, ಹೋಂಸ್ಟೇಗೆ ಹನ್ನೊಂದು ಮಂದಿ ಬಂದಿದ್ದರು. ಅಷ್ಟು ಹೊತ್ತಿಗೆ ನನ್ನ ಕೈ ಒಂದಿಷ್ಟು ಕುದುರಿತ್ತು, ಎರಡು ಹೋಳು ಮಾಡಿದರೆ ತಿನ್ನುವ ಹಾಗೆ ಬರುತ್ತಿತ್ತು. ಧೈರ್ಯ ಮಾಡಿ ಕಾಫಿ ಸ್ಟೇಕ್ ಎಂದು ಹೇಳಿ ಒಬ್ಬರಿಗೆ 300 ರೂಪಾಯಿ ಎಂದುಬಿಟ್ಟೆ. ಒಂದೇ ಕಾವಲಿಗೆ ನಾಲ್ಕು ನಾಲ್ಕು ಹೋಳು ಒತ್ತಿದೆ. ಕಾವಲಿ ತಣಿದು ಮಾಂಸ ನೀರು ಬಿಟ್ಟಿತು, ಬೇಯುವ ಬದಲು ಕುದಿಯಿತು. ಕಾಫಿ ಪುಡಿ ತೊಳೆದುಹೋಗಿ ಕಾವಲಿಯ ತುಂಬ ಕಪ್ಪು ಕಷಾಯ. ಉರಿ ಏರಿಸಿದೆ. ನೀರು ಆರಿದ ಕೂಡಲೇ ಆ ಕಷಾಯ ಸೀಯತೊಡಗಿತು. ಮಾಂಸದ ಒಳಗೆ ನೋಡಿದರೆ ಮೂಳೆಯ ಪಕ್ಕ ಇನ್ನೂ ಕೆಂಪು. ಮನೆಯವಳು ಏನೂ ಮಾತಾಡದೆ ಒಂಬತ್ತೂವರೆ ರಾತ್ರಿಯಲ್ಲಿ ಕೋಳಿ ಸಾರಿಗೆ ಮಸಾಲೆ ರುಬ್ಬಲು ಕುಳಿತಳು. ಊಟದ ದುಡ್ಡು ಯಾರಿಂದಲೂ ತೆಗೆದುಕೊಳ್ಳಲಿಲ್ಲ. 3,300 ಅಲ್ಲೇ ಹೋಯಿತು, ಮಾಂಸದ ಖರ್ಚು ಬೇರೆ. ಅದಕ್ಕಿಂತ ನೋವಾದದ್ದು ಮಾರನೆಯ ಬೆಳಿಗ್ಗೆ, ಅವ್ವ ತಟ್ಟೆಗಳಲ್ಲಿ ಉಳಿದಿದ್ದ ಮಾಂಸವನ್ನೆಲ್ಲ ಬಕೆಟ್ಟಿಗೆ ಸುರಿಯುವುದನ್ನು ನೋಡಿದಾಗ. ಅವಳು ಅನ್ನದ ಒಂದು ಅಗುಳು ಚೆಲ್ಲಿದವಳಲ್ಲ.

ಹಾಗೆಂದು ಬಿಡಲು ಮನಸ್ಸಾಗಲಿಲ್ಲ. ಕಾಫಿಯ ವಾಸನೆ ನೆಣಕ್ಕೆ ತಾಗಿ ಏಳುವ ಮೊದಲ ಹತ್ತು ಸೆಕೆಂಡಿನ ಆ ಪರಿಮಳ ನನಗೆ ಪ್ರತಿ ಸಲವೂ ಸಿಗುತ್ತಿತ್ತು. ಆಮೇಲೆ ಕೆಡುತ್ತಿತ್ತು. ಆ ಹತ್ತು ಸೆಕೆಂಡನ್ನು ಹಿಡಿದು ನಿಲ್ಲಿಸಲು ಏನು ಮಾಡಬೇಕು ಎಂಬುದೇ ಪ್ರಶ್ನೆ.

ಉತ್ತರ ಸಿಕ್ಕಿದ್ದು 2022ರ ಮಳೆಗಾಲದಲ್ಲಿ. ಮನೆಗೆ ಬೇಕಾದ ಕಾಫಿಯನ್ನು ನಾವೇ ಹುರಿಯುತ್ತೇವೆ, ಕೈಯಲ್ಲಿ ತಿರುಗಿಸುವ ತಗಡಿನ ಉರುಳೆಯಲ್ಲಿ, ಕಟ್ಟಿಗೆ ಒಲೆಯ ಮೇಲೆ. ಜುಲೈ ಮಳೆಗೆ ಕಟ್ಟಿಗೆ ಎಲ್ಲ ತೊಯ್ದು ಉರಿ ಹತ್ತದೆ, ಬೀಜ ಮೊದಲನೆಯ ಸಲ ಚಟಪಟ ಎಂದು ಸಿಡಿದು ಅಲ್ಲಿಗೇ ನಿಂತಿತು. ಬಣ್ಣ ಕಡಲೆಬೀಜದ ಸಿಪ್ಪೆಗಿಂತ ತುಸು ಗಾಢ, ಅಷ್ಟೇ. ಅದರ ಡಿಕಾಕ್ಷನ್ ಹುಳಿ ಹುಳಿಯಾಗಿ ಯಾರೂ ಕುಡಿಯಲಿಲ್ಲ. ಒಂದು ಕಿಲೋ ಪುಡಿ ಡಬ್ಬಿಯಲ್ಲಿ ಕುಳಿತಿತ್ತು. ಒಳ್ಳೆಯ ಕಾಫಿಯನ್ನು ಪ್ರಯೋಗಕ್ಕೆ ಸುರಿಯುವುದು ಬೇಡ ಎಂದು ಆ ಪುಡಿಯನ್ನೇ ಮಾಂಸಕ್ಕೆ ಹಚ್ಚಿದೆ. ಸೀಯಲಿಲ್ಲ. ಕಾವಲಿಯ ಮೇಲೆ ಒಂದು ನಿಮಿಷ ಬಿಟ್ಟರೂ ಸೀಯಲಿಲ್ಲ. ತಿಂದು ನೋಡಿದರೆ ಕಹಿ ಇಲ್ಲ, ಹುಳಿಯೂ ಇಲ್ಲ, ಹುರಿದ ಗೋಡಂಬಿಯಂಥ ಕಂಪು.

ಆಗ ಹೊಳೆಯಿತು. ಕಾಫಿ ಬೀಜ ಮೊದಲ ಸಲ ಸಿಡಿಯುವುದು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಎರಡನೆಯ ಸಲ 225ರ ಹತ್ತಿರ. ಅದನ್ನು ದಾಟಿದರೆ ಎಣ್ಣೆ ಜಿನುಗಿ ಇದ್ದಿಲಿನ ಕಡೆಗೆ ಹೊರಡುತ್ತದೆ. ಕಾದ ಬೀಡಿನ (ಎರಕದ ಕಬ್ಬಿಣದ) ಕಾವಲಿ 250 ಡಿಗ್ರಿಯನ್ನು ಸುಲಭವಾಗಿ ಮುಟ್ಟುತ್ತದೆ. ಅಂದರೆ ನಾನು ಆಗಲೇ ಹುರಿದು ಮುಗಿಸಿದ್ದ ಕಾಫಿಯನ್ನು ಮತ್ತೊಮ್ಮೆ ಹುರಿಯುತ್ತಿದ್ದೆ. ಹುರಿದ ಕೊತ್ತಂಬರಿಯನ್ನು ಯಾರಾದರೂ ಮತ್ತೆ ಹುರಿಯುತ್ತಾರೆಯೇ? ಮಾಂಸಕ್ಕೆ ಹಚ್ಚುವ ಕಾಫಿ ಅರೆ ಹುರಿದದ್ದಾಗಿರಬೇಕು. ಉಳಿದರ್ಧವನ್ನು ಕಾವಲಿ ಹುರಿಯಬೇಕು. ನನ್ನ ವಿಧಾನದ ಜೀವ ಇದೇ. ಇದನ್ನು ನಾನು ಯಾರಿಂದಲೂ ಕಲಿಯಲಿಲ್ಲ.

ಅದಾದ ಮೇಲೆ ಬೇಕೆಂದೇ ಹಾಗೆ ಹುರಿಯತೊಡಗಿದೆ. ಸಿಡಿತ ಶುರುವಾಗಿ ಜೋರಾಗುತ್ತಿದ್ದಂತೆಯೇ ಉರುಳೆ ಇಳಿಸಿ, ಬೀಜವನ್ನು ಮೊರದಲ್ಲಿ ಹರವಿ ಕೇರಿ ತಣಿಸುತ್ತೇನೆ. ಅರೆ ಹುರಿದ ಬೀಜ ಗಟ್ಟಿ, ಮಿಕ್ಸಿಯ ಜಾರು ಅರಚುತ್ತದೆ. ಒಂದೇ ಸಲಕ್ಕೆ ಬಿಡದೆ ತಿರುಗಿಸಿದರೆ ಪುಡಿ ಬಿಸಿಯಾಗಿ ವಾಸನೆ ಹೋಗುತ್ತದೆ, ನಿಲ್ಲಿಸಿ ನಿಲ್ಲಿಸಿ ಮಾಡಬೇಕು. ಆಮೇಲೆ ತೆಳು ಬಟ್ಟೆಯಲ್ಲಿ ವಸ್ತ್ರಗಾಳಿತ. ಮುಖಕ್ಕೆ ಹಚ್ಚುವ ಪೌಡರಿನ ನುಣುಪು ಬಂದರೆ ಸರಿ. ಒಂದು ಕಿಲೋ ಮಾಂಸಕ್ಕೆ ಈ ಕಾಫಿ ಮೂರು ಟೀ ಚಮಚ, ಬ್ಯಾಡಗಿ ಮೆಣಸಿನ ಪುಡಿ ಎರಡು, ನಮ್ಮ ತೋಟದ ಕರಿಮೆಣಸು ಒಂದೂವರೆ, ಹುರಿದ ಕೊತ್ತಂಬರಿ ಅರ್ಧ. ಬ್ಯಾಡಗಿಯ ಖಾರ ಕಡಿಮೆ, ಬಣ್ಣ ಹೆಚ್ಚು. ಇಲ್ಲಿ ಬೇಕಾದದ್ದು ಅದೇ. ಒಲೆಯ ಮೇಲಿನ ಅಟ್ಟದಲ್ಲಿ ಎರಡು ತಿಂಗಳು ಹೊಗೆ ಕುಡಿದ ಮೆಣಸಾದರೆ ಇನ್ನೂ ಒಳ್ಳೆಯದು. ಇದಲ್ಲದೆ ಕಾಡಿನಿಂದ ತರುವ ಇನ್ನೊಂದು ಬೀಜವನ್ನು ಚಿಟಿಕೆಯಷ್ಟು ಹಾಕುತ್ತೇನೆ. ಅದರ ಹೆಸರನ್ನು ಹೇಳುವುದಿಲ್ಲ. ಅದಿಲ್ಲದೆಯೂ ಚೆನ್ನಾಗಿಯೇ ಬರುತ್ತದೆ.

ಅರೆ ಹುರಿದ ಕಾಫಿಯೂ ಹತ್ತು ನಿಮಿಷ ಕಾವಲಿಯ ಮೇಲಿದ್ದರೆ ಉಳಿಯುವುದಿಲ್ಲ. ಆದ್ದರಿಂದ ಮಾಂಸ ಮೊದಲೇ ಬೆಂದಿರಬೇಕು, ಕಾವಲಿಗೆ ಕೊನೆಯಲ್ಲಿ ಮಗ್ಗುಲಿಗೆ ಒಂದೇ ನಿಮಿಷ. ಈ ಉಲ್ಟಾ ಕ್ರಮ ಸ್ಟೇಕ್ ಮಾಡುವವರಿಗೆ ಹೊಸದಲ್ಲ. ನನ್ನ ಕಷ್ಟ ಓವನ್ನಿನದು. 6,500 ಕೊಟ್ಟು ಚಿಕ್ಕ ಓವನ್ ತಂದೆ. ಮಲೆನಾಡಿನ ಕರೆಂಟನ್ನು ನಂಬಿ ಒಂದು ಗಂಟೆಯ ಅಡುಗೆ ಹೇಗೆ ಮಾಡುವುದು? ಮೂರು ಸಲ ನಡುವೆ ಕರೆಂಟು ಹೋಗಿ, ಮಾಂಸ ಅತ್ತ ಬೇಯದೆ ಇತ್ತ ಹಸಿಯಾಗಿಯೂ ಉಳಿಯದೆ ಸಾರಿನ ಪಾಲಾಯಿತು. ಆ ಓವನ್ನಿನಲ್ಲಿ ಈಗ ಮಗಳು ಬಿಸ್ಕತ್ತು ಮಾಡುತ್ತಾಳೆ.

ನಾನು ಹಿಂದಿನ ಕಾಲದ ಕೇಕಿನ ಪಾತ್ರೆಗೆ ಮರಳಿದೆ. ಓವನ್ ಇಲ್ಲದ ದಿನಗಳಲ್ಲಿ ದಪ್ಪ ಪಾತ್ರೆಯ ತಳಕ್ಕೆ ಮರಳು ಹಾಕಿ ಕೇಕ್ ಬೇಯಿಸುತ್ತಿದ್ದರಲ್ಲ, ಅದೇ. ಹಳೆಯ ದೊಡ್ಡ ಅಲ್ಯೂಮಿನಿಯಂ ಪಾತ್ರೆಗೆ ಎರಡು ಇಂಚು ತೊಳೆದೊಣಗಿಸಿದ ಹೊಳೆ ಮರಳು, ಅದರ ಮೇಲೆ ಕಬ್ಬಿಣದ ಕಾಲುಮಣೆ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಮಾಂಸ. ಕೆಳಗೆ ಕಾಫಿ ಕಟ್ಟಿಗೆಯ ಕೆಂಡ. ಗಿಡ ಕತ್ತರಿಸುವಾಗ ತೆಗೆದ ರೋಬಸ್ಟಾ ಬೊಡ್ಡೆಗಳು ಎಷ್ಟು ಬೇಕಾದರೂ ಇವೆ. ಅವುಗಳ ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ಕಾವು ಏರಿಳಿಯುವುದಿಲ್ಲ. ಮುಚ್ಚಳದ ತೂತಿನಲ್ಲಿ ಥರ್ಮಾಮೀಟರ್ ಇಳಿಬಿಟ್ಟು ನೋಡಿದ್ದೇನೆ, ಒಳಗೆ 120ರಿಂದ 130 ಡಿಗ್ರಿ. ಐವತ್ತು ನಿಮಿಷ, ಒಮ್ಮೊಮ್ಮೆ ಒಂದು ಗಂಟೆ. ಮಾಂಸದ ನಡುವಿನ ಕಾವು 64 ಆದಾಗ ತೆಗೆಯುತ್ತೇನೆ, ಉಳಿದದ್ದು ಆಮೇಲೆ ಕಾವಲಿಯ ಮೇಲೆ ಏರುತ್ತದೆ. ಕರೆಂಟು ಬಂದರೂ ಹೋದರೂ ನನಗೆ ಚಿಂತೆಯಿಲ್ಲ.

ಕಾವಿನ ವಿಷಯದಲ್ಲಿ ನನ್ನದು ಹಟ. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಹಂದಿಯ ಇಡೀ ಹೋಳಿಗೆ 63 ಡಿಗ್ರಿ, ಆಮೇಲೆ ಮೂರು ನಿಮಿಷ ಬಿಡುವು ಸಾಕು ಎಂದು ಬದಲಾಯಿಸಿತು. ಅಕ್ಕನ ಮಗ ಅದನ್ನೇ ಹೇಳುತ್ತಾನೆ. ನಮ್ಮ ಕಡೆ ಹಂದಿ ಎಲ್ಲಿ ಬೆಳೆದದ್ದು, ಏನು ತಿಂದದ್ದು ಎಂದು ಪ್ರತಿ ಸಲ ತಿಳಿಯುವುದಿಲ್ಲ. ಲಾಡಿಹುಳುವಿನ ಭಯ ಸುಳ್ಳಲ್ಲ. ಸಾಕಣೆ ಕೇಂದ್ರದ ಹಂದಿಯನ್ನೇ ತರುತ್ತೇನೆ, ಆದರೂ ತಟ್ಟೆಗೆ ಬರುವಾಗ ನಡುವೆ 70 ಡಿಗ್ರಿ ಇರಬೇಕು. ಕುತ್ತಿಗೆ ಮಾಂಸ 70ಕ್ಕೆ ಒಣಗುವುದಿಲ್ಲ. ಒಳಗಿನ ನೆಣ ಕರಗಿ ಇನ್ನೂ ಮೆತ್ತಗಾಗುತ್ತದೆ. ಥರ್ಮಾಮೀಟರಿಗೆ ಕೊಟ್ಟ 700 ರೂಪಾಯಿ ಈ ಇಡೀ ಪ್ರಯೋಗದಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು. ಬೆರಳಿನಿಂದ ಒತ್ತಿ ನೋಡಿ ಹೇಳುತ್ತೇನೆ ಎನ್ನುವವರ ಮಾತನ್ನು ಹಂದಿಯ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಮರಳಿನ ಪಾತ್ರೆಯಿಂದ ತೆಗೆದ ಮಾಂಸ ನೋಡಲು ಬೂದು, ಹೊರಮೈ ಒಣಗಿರುತ್ತದೆ. ಈಗ ಪುಡಿ. ಮೊದಲು ಕರಗಿಸಿದ ಹಂದಿ ನೆಣವನ್ನು ಬೆರಳಿಗೆ ತಾಗುವಷ್ಟು ಸವರಿ, ಮೇಲಿನಿಂದ ಜರಡಿಯಲ್ಲಿ ಪುಡಿಯನ್ನು ಉದುರಿಸುತ್ತೇನೆ. ಉಜ್ಜುವುದಿಲ್ಲ. ಉಜ್ಜಿದರೆ ಒಂದು ಕಡೆ ಗಂಟು, ಇನ್ನೊಂದು ಕಡೆ ಬೋಳು. ಅಂಗೈಯಿಂದ ಮೆಲ್ಲಗೆ ಒತ್ತಿ ಐದು ನಿಮಿಷ ಬಿಟ್ಟರೆ ಪುಡಿ ನೆಣ ಕುಡಿದು ಒದ್ದೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆಗ ಕಾವಲಿಗೆ ಹಾಕಬೇಕು. ಒಂದು ಸಲಕ್ಕೆ ಎರಡೇ ಹೋಳು, ಇದು ಆ ಕ್ರಿಸ್‌ಮಸ್ ಕಲಿಸಿದ ಪಾಠ. ಮೊದಲ ಹತ್ತು ಸೆಕೆಂಡು ಚುಂಯ್ ಎಂಬ ಸದ್ದು ತೀಕ್ಷ್ಣವಾಗಿರುತ್ತದೆ, ಆಮೇಲೆ ಒಂದು ಹದಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಮೂಗು ಕಣದ ಹುರಿಗಾಫಿಯ ವಾಸನೆ ಹಿಡಿಯುತ್ತದೆ. ಅದರ ಹಿಂದೆಯೇ ನೆಣದ ವಾಸನೆ ಬರುತ್ತದೆ. ಎರಡೂ ಬೆರೆತು ಒಂದೇ ಆಗುವ ಗಳಿಗೆಯಲ್ಲಿ ಇಕ್ಕಳದಿಂದ ತಿರುವಬೇಕು, ನನ್ನ ಲೆಕ್ಕಕ್ಕೆ 45ರಿಂದ 50 ಸೆಕೆಂಡು. ಇನ್ನೊಂದು ಮಗ್ಗುಲಿಗೂ ಅಷ್ಟೇ. ನೆಣದ ಅಂಚನ್ನು ನಿಲ್ಲಿಸಿ ಹಿಡಿದು ಕಾಲು ನಿಮಿಷ. ತೆಗೆದಾಗ ಹೊರಮೈ ಹಳೆಯ ತೇಗದ ಬಾಗಿಲಿನ ಬಣ್ಣ. ಕಪ್ಪು ಕಂಡರೆ ಹೊತ್ತು ಮೀರಿದೆ ಎಂದೇ ಅರ್ಥ.

ನನ್ನ ಮೊದಲನೆಯ ಬೀಡಿನ ಕಾವಲಿ ಬಿರುಕು ಬಿಟ್ಟಿತು. ಅವಸರದಲ್ಲಿ ಬಿಸಿ ಕಾವಲಿಗೆ ತಣ್ಣೀರು ಹಾಕಿದ್ದೆ. 1,800 ರೂಪಾಯಿಯದು. ಈಗಿನದು ಅಜ್ಜಿಯ ಕಾಲದ ರೊಟ್ಟಿ ಕಾವಲಿ. ಅಟ್ಟದಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಉಜ್ಜಿ, ಎಣ್ಣೆ ಕುಡಿಸಿ ಹದಕ್ಕೆ ತರಲು ಹದಿನೈದು ದಿನ ಹಿಡಿಯಿತು. ಕೊಂಡದ್ದಕ್ಕಿಂತ ಅದೇ ದಪ್ಪ, ಅದೇ ಕಾವು ಹಿಡಿಯುತ್ತದೆ.

ಬೆಣ್ಣೆಯ ಕಥೆ ಬೇರೆಯೇ ಇದೆ. ಹೋಟೆಲಿನವರ ಪದ್ಧತಿಯಂತೆ ಕಾವಲಿಗೇ ಬೆಣ್ಣೆ ಹಾಕಿ ಚಮಚದಲ್ಲಿ ಮಾಂಸದ ಮೇಲೆ ಸುರಿಯುತ್ತ ಬಹಳ ದಿನ ಕಷ್ಟಪಟ್ಟೆ. ಚಿಕ್ಕಪ್ಪನ ಮಗ ಇಂದಿಗೂ ಅದೇ ಸರಿ ಎನ್ನುತ್ತಾನೆ. ಕಾಫಿ ಇಲ್ಲದ ಮಾಂಸಕ್ಕೆ ಸರಿಯೇ. ಕಾಫಿ ಹಚ್ಚಿದ್ದಕ್ಕೆ ಅಲ್ಲ. ಬೆಣ್ಣೆ ಪುಡಿಯನ್ನು ತೊಳೆದು ಕೆಳಗಿಳಿಸುತ್ತದೆ, ಅದರಲ್ಲಿರುವ ಹಾಲಿನ ಅಂಶ ಪುಡಿಯ ಜೊತೆ ಸೇರಿ ಕೆಸರಾಗಿ ಸೀಯುತ್ತದೆ. ಬೆಣ್ಣೆ ಉರಿಯನ್ನು ನೋಡಲೇಬಾರದು. ಮಾಂಸ ಕಾವಲಿಯಿಂದ ಇಳಿದ ಮೇಲೆ ಅದರ ಬಿಸಿಗೆ ತಾನಾಗಿ ಕರಗಬೇಕು.

ಮನೆಯಲ್ಲಿ ಕಡೆದ ಬೆಣ್ಣೆಗೆ ರುಚಿ ಹೆಚ್ಚು, ಆದರೆ ಮಜ್ಜಿಗೆಯ ಅಂಶ ಉಳಿದರೆ ಎರಡನೆಯ ದಿನಕ್ಕೆ ಹುಳಿ ನಾತ. ಮೂರು ನಾಲ್ಕು ಸಲ ತಣ್ಣೀರಿನಲ್ಲಿ ನಾದಿ, ನೀರು ತಿಳಿಯಾಗುವವರೆಗೂ ತೊಳೆದು, ಕೊನೆಗೆ ಬಟ್ಟೆಯಲ್ಲಿ ಒತ್ತಿ ಬಳಸುತ್ತೇನೆ. ಸೊಪ್ಪಿಗೆ ರೋಸ್‌ಮರಿ, ಥೈಮ್ ಎಂದು ಪೇಟೆಯಿಂದ ತರಿಸಿದ್ದೂ ಇದೆ. ಸಣ್ಣ ಪೊಟ್ಟಣಕ್ಕೆ 90 ರೂಪಾಯಿ, ಹಾಸನದಿಂದ ಬರುವಷ್ಟರಲ್ಲಿ ಬಾಡಿರುತ್ತಿತ್ತು. ಬಚ್ಚಲ ಪಕ್ಕದಲ್ಲಿ ದೊಡ್ಡಪತ್ರೆ ಪೊದೆಯಾಗಿ ಬೆಳೆದಿತ್ತು. ಒಂದು ಎಲೆ ಹಿಸುಕಿ ಮೂಸಿ ನೋಡಿದೆ, ಥೈಮಿನ ವಾಸನೆಯೇ. ಆಮೇಲೆ ಓದಿದಾಗ ತಿಳಿಯಿತು, ಎರಡರಲ್ಲೂ ಒಂದೇ ಬಗೆಯ ತೈಲಾಂಶ ಇದೆಯಂತೆ. ಎಲೆಯಲ್ಲಿ ನೀರು ಬಹಳ, ಹಸಿಯಾಗಿ ಹೆಚ್ಚಿ ಹಾಕಿದರೆ ಬೆಣ್ಣೆ ಅಳುತ್ತದೆ. ಅರ್ಧ ದಿನ ನೆರಳಿನಲ್ಲಿ ಬಾಡಿಸಿ, ಹೆಚ್ಚಿ, ಹಿಂಡಿ ಹಾಕಬೇಕು. ಅದರ ಜೊತೆ ಉದ್ದ ಎಲೆಯ ಕಾಡು ಕೊತ್ತಂಬರಿ ಎರಡೇ ಎಲೆ, ಬೂದಿಯಲ್ಲಿ ಸುಟ್ಟ ಬೆಳ್ಳುಳ್ಳಿ ಐದಾರು ಎಸಳು, ಉಪ್ಪುನೀರಿನಲ್ಲಿಟ್ಟ ಹಸಿ ಕರಿಮೆಣಸು ಒಂದು ಚಮಚ ಜಜ್ಜಿದ್ದು, ಹೆರಳೆಕಾಯಿ ಸಿಪ್ಪೆಯ ಹಸಿರು ಭಾಗ ತುರಿದದ್ದು ಒಂದಿಷ್ಟು. 200 ಗ್ರಾಂ ಬೆಣ್ಣೆಗೆ ಈ ಲೆಕ್ಕ. ಬಾಡಿಸಿದ ಬಾಳೆಲೆಯಲ್ಲಿ ಉರುಳೆ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಐದು ದಿನ ಇರುತ್ತದೆ. ಬೇಕಾದಾಗ ಅರ್ಧ ಇಂಚಿನ ಬಿಲ್ಲೆ ಕೊಯ್ಯಬಹುದು. ಬಾಳೆಲೆಯ ವಾಸನೆಯೂ ಬೆಣ್ಣೆಗೆ ಇಳಿಯುತ್ತದೆ, ಅದು ಪ್ಲಾಸ್ಟಿಕ್ ಹಾಳೆಯಲ್ಲಿ ಸಿಗದು.

ಹುಳಿ ಇಲ್ಲದ ಹಂದಿಯನ್ನು ಭಾವ ಒಪ್ಪುವವರಲ್ಲ. ಕೊಡಗಿನ ಸ್ನೇಹಿತರು ಕೊಟ್ಟ ಕಾಚಂಪುಳಿ ಎಂಬ ಕಪ್ಪು ಹುಳಿರಸವನ್ನು ಪುಡಿಗೆ ಕಲಸಿ ನೋಡಿದೆ, ಹೊರಮೈ ಒಣಗಲೇ ಇಲ್ಲ. ಬೆಣ್ಣೆಗೆ ಬೆರೆಸಿದೆ, ಬೆಣ್ಣೆ ಒಡೆದಂತಾಯಿತು. ಈಗ ತಟ್ಟೆಗೆ ಇಳಿದ ರಸಕ್ಕೆ ನಾಲ್ಕೇ ಹನಿ. ಮಾಂಸ ಬಿಟ್ಟ ರಸ, ಕರಗಿದ ಬೆಣ್ಣೆ, ಕಾಫಿ, ಆ ನಾಲ್ಕು ಹನಿ ಸೇರಿ ಆಗುವ ಕಂದು ಗೊಜ್ಜು ಇದೆಯಲ್ಲ, ಅದನ್ನು ಅಕ್ಕಿ ರೊಟ್ಟಿಯಲ್ಲಿ ಒರೆಸಿ ತಿನ್ನಬೇಕು. ಭಾವ ಎರಡನೆಯ ಹೋಳು ಕೇಳಿದ್ದು ಆ ಗೊಜ್ಜಿಗಾಗಿ ಎಂದು ನನ್ನ ನಂಬಿಕೆ.

ಬೇರೆ ಪ್ರಯೋಗಗಳೂ ಆದವು. ಕುರಿಯ ಚಾಪ್ಸಿಗೆ ಕಾಫಿ ಹೊಂದಲಿಲ್ಲ, ಕುರಿಯ ವಾಸನೆಯೂ ಕಾಫಿಯೂ ಜಗಳಕ್ಕೆ ನಿಂತವು. ಕೋಳಿಯ ತೊಡೆಗೆ ಪರವಾಗಿಲ್ಲ, ಆದರೆ ಪುಡಿ ಅರ್ಧಕ್ಕೆ ಇಳಿಸಬೇಕು. ಬಹಳ ಖುಷಿ ಕೊಟ್ಟದ್ದು ಸುವರ್ಣಗೆಡ್ಡೆ. ಸಸ್ಯಾಹಾರಿ ದಂಪತಿಗಳು ಬಂದಿದ್ದಾಗ ಒಂದಿಂಚು ದಪ್ಪದ ಬಿಲ್ಲೆಯನ್ನು ತುರಿಕೆ ಹೋಗಲೆಂದು ಹುಣಸೆ ನೀರಿನಲ್ಲಿ ಬೇಯಿಸಿ, ಗಾಳಿಗೆ ಒಣಗಿಸಿ, ತುಪ್ಪ ಸವರಿ, ಇದೇ ಪುಡಿ ಉದುರಿಸಿ ಕಾವಲಿಗೆ ಹಾಕಿದೆ. ಮೇಲೆ ದೊಡ್ಡಪತ್ರೆ ಬೆಣ್ಣೆ. ಅವರು ಮೂರು ದಿನ ಇದ್ದರು, ಮೂರು ದಿನವೂ ಅದನ್ನೇ ಕೇಳಿದರು. ಗುಜ್ಜೆಯಲ್ಲೂ (ಎಳೆ ಹಲಸು) ಮಾಡಿದೆ, ಬಿರಿದು ಎಳೆ ಎಳೆಯಾಯಿತು. ಮುಂದಿನ ಬೇಸಿಗೆಗೆ ಇನ್ನೊಮ್ಮೆ ನೋಡುತ್ತೇನೆ.

ದುಡ್ಡಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟಿಲ್ಲ, ನೆನಪಿನಿಂದ ಹೇಳುತ್ತೇನೆ. ಶುರು ಮಾಡಿದಾಗ ಹಂದಿ ಕಿಲೋಗೆ 250ರ ಆಸುಪಾಸು ಇತ್ತು, ಈಗ 350. ಇಡೀ ಕುತ್ತಿಗೆ ತುಂಡಿಗೆ ನಾನು 400 ಕೊಡುತ್ತೇನೆ. ಮೂರು ವರ್ಷದಲ್ಲಿ ಕೆಟ್ಟದ್ದು ಹದಿನಾಲ್ಕು ಹದಿನೈದು ಕಿಲೋ, ಅಂದರೆ ನಾಲ್ಕು ಸಾವಿರದ ಮೇಲೆ. ಓವನ್, ಒಡೆದ ಕಾವಲಿ, ಥರ್ಮಾಮೀಟರ್, ಪೇಟೆಯ ಸೊಪ್ಪು, ಆ ಕ್ರಿಸ್‌ಮಸ್ ರಾತ್ರಿ ಎಲ್ಲ ಸೇರಿದರೆ ಹದಿನೇಳು ಹದಿನೆಂಟು ಸಾವಿರ. ಈಗ ಒಂದು ತಟ್ಟೆಗೆ 550 ತೆಗೆದುಕೊಳ್ಳುತ್ತೇನೆ. ಮಾಂಸಕ್ಕೆ 160, ಬೆಣ್ಣೆಗೆ 25, ರೊಟ್ಟಿ ಪಲ್ಯ ಎಲ್ಲ ಹಿಡಿದರೂ ಖರ್ಚು 230 ದಾಟುವುದಿಲ್ಲ. ವಾರಾಂತ್ಯಕ್ಕೆ ಎಂಟರಿಂದ ಹತ್ತು ತಟ್ಟೆ ಹೋಗುತ್ತದೆ. ಕಳೆದುಕೊಂಡದ್ದು ಎರಡು ತಿಂಗಳಲ್ಲಿ ವಾಪಸ್ಸು ಬಂತು. ಕಾಫಿಯ ಲೆಕ್ಕ ಹಿಡಿದಿಲ್ಲ. 2024ರಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, 50 ಕಿಲೋ ಮೂಟೆಗೆ 10,000 ದಾಟಿದಾಗ ಮನೆಯವಳು, "ಚಿನ್ನದ ಪುಡಿಯನ್ನು ಮಾಂಸಕ್ಕೆ ಹಚ್ಚುತ್ತಿದ್ದೀರಿ" ಎಂದಳು. ಆದರೆ ಒಂದು ತಟ್ಟೆಗೆ ಬೀಳುವುದು ಮೂರು ನಾಲ್ಕು ಗ್ರಾಂ. ಅದರಲ್ಲೂ ನಾನು ಬಳಸುವುದು ದರ್ಜೆ ಮಾಡುವಾಗ ಪಕ್ಕಕ್ಕೆ ಬೀಳುವ ಒಡಕು ಅರೇಬಿಕಾವನ್ನು. ಒಡಕಾದರೂ ಒಂದೇ ಗಾತ್ರದ್ದನ್ನು ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಚೂರು ಸೀದು ದೊಡ್ಡದು ಹಸಿಯಾಗಿ ಉಳಿಯುತ್ತದೆ.

ಮಾಂಸದಂಗಡಿಯವನು ಈಗ ಪ್ರತಿ ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿ, "ಗೌಡರೇ, ಕುತ್ತಿಗೆ ಎಷ್ಟು ಇಡಲಿ?" ಎನ್ನುತ್ತಾನೆ. ಹೋದ ತಿಂಗಳು ಅವನಿಗೂ ಒಂದು ತಟ್ಟೆ ಕಟ್ಟಿಕೊಟ್ಟೆ. ಹೋಳಿನ ನಡುವೆ ಕೊಯ್ದು, ಬೆಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ತಿಂದ. ಅವ್ವ ಇನ್ನೂ ಬಿಸಿ ಸ್ಟೇಕ್ ತಿನ್ನುವುದಿಲ್ಲ. ರಾತ್ರಿ ಉಳಿದ ಹೋಳನ್ನು ತೆಳ್ಳಗೆ ಸೀಳಿ, ಬೆಳಿಗ್ಗೆ ಕಡುಬಿನ ಜೊತೆ ಆ ತಣ್ಣಗಿನ ಬೆಣ್ಣೆಯನ್ನೇ ಸವರಿಕೊಂಡು ತಿನ್ನುತ್ತಾಳೆ.